ಮಗಳ ಆಟ ನಿಲ್ಲಿಸಿದ ಕಾಕು

ಕಾಕುವಿನ ಹುಬ್ಬುಗಳ ಮೇಲೆ ಯಾವಾಗಲೂ ಹತ್ತಿಯ ನವಿರು ಕೂತಿರುತ್ತಿತ್ತು. ಹೊಸಬರು ನೋಡಿದರೆ, ಪಾಪ, ಇಷ್ಟು ಬೇಗ ಹುಬ್ಬು ನರೆತಿವೆ ಅಂದುಕೊಳ್ಳಬೇಕು. ಸೆರಗಿನಿಂದ ಒರೆಸಿಕೊಂಡರೆ ಕಪ್ಪು, ಮತ್ತೊಂದು ತಾಸು ಮಗ್ಗದ ಮುಂದೆ ನಿಂತರೆ ಬಿಳಿ. ಆ ಹುಬ್ಬಿನ ಕೆಳಗಿನ ಕಣ್ಣುಗಳು ಮಾತಾಡುವವರ ಬಾಯಿಯ ಮೇಲೆಯೇ ನೆಟ್ಟಿರುತ್ತಿದ್ದವು. ಮೊದಲ ಸಲ ಭೇಟಿಯಾದವರು ತಮ್ಮ ಹಲ್ಲಿನಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ನಾಲಗೆ ಹೊರಳಿಸಿ ನೋಡಿಕೊಳ್ಳುತ್ತಿದ್ದರು.

ಇದರಲ್ಲಿ ಮಂತ್ರ ಮಾಯ ಏನೂ ಇಲ್ಲ. ಬನಹಟ್ಟಿಯ ನಮ್ಮ ಓಣಿಯಲ್ಲಿ ಪಾವರ್‌ಲೂಮ್ ಓಡುವ ಮನೆಯೊಳಗೆ ಕಿವಿ ಕೆಲಸಕ್ಕೆ ಬರುವುದಿಲ್ಲ. ಮಗ್ಗಗಳು ಕೂಡಿ ಬಡಿಯತೊಡಗಿದರೆ ಪಕ್ಕದಲ್ಲಿ ನಿಂತು ಕೂಗಿದರೂ ಕೇಳಿಸದು. ಆದ್ದರಿಂದ ಹೆಂಗಸರು ಕೂಗುವುದೇ ಇಲ್ಲ. ತುಟಿಗಳನ್ನು ದೊಡ್ಡದಾಗಿ ತೆರೆದು, ದನಿಯಿಲ್ಲದೆ ಮಾತಾಡುತ್ತಾರೆ. ಸಾರಿಗೆ ಉಪ್ಪು ಹಾಕಿದೆಯಾ ಎನ್ನುವುದರಿಂದ ಹಿಡಿದು ಸೊಸೆಯ ಮೇಲಿನ ದೂರಿನವರೆಗೆ ಎಲ್ಲವೂ ಹಾಗೆಯೇ ನಡೆಯುತ್ತದೆ. ದನಿಯಿಲ್ಲದ ಜಗಳ ನೋಡಬೇಕೆಂದರೆ ನಮ್ಮ ಓಣಿಗೇ ಬರಬೇಕು. "ಮಾತು ಬಾಯಾಗ ಇರ್ತೈತಿ, ಕಿವ್ಯಾಗಲ್ಲ" ಎನ್ನುತ್ತಿದ್ದಳು ಕಾಕು.

ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರೂ ಅವಳು ನನ್ನ ರಕ್ತಸಂಬಂಧಿಯಲ್ಲ. ನಮ್ಮ ಮನೆಯ ಗೋಡೆಗೆ ಅವಳ ಮನೆಯ ಗೋಡೆ ಹತ್ತಿದೆ, ಅಷ್ಟೆ. ಆದರೆ ನನ್ನ ಬಾಯಿಗೆ ಮಾತು ಕೊಟ್ಟವಳು ಅವಳೇ. ಹೈಸ್ಕೂಲಿನಲ್ಲಿದ್ದಾಗ ಜಮಖಂಡಿಯ ಚರ್ಚಾಸ್ಪರ್ಧೆಯೊಂದರಲ್ಲಿ ಸೋತು ಬಂದಿದ್ದೆ. ವಿಷಯ ಗಟ್ಟಿಯಿದೆ, ಮಾತು ನುಂಗುತ್ತೀಯ ಎಂದಿದ್ದರು ತೀರ್ಪುಗಾರರು. ತೀರ್ಪು ತಪ್ಪು ಎಂದು ನಾನು ಓಣಿ ತುಂಬ ವಾದ ಮಾಡುತ್ತಿದ್ದೆ. ಕಾಕು ನನ್ನ ರಟ್ಟೆ ಹಿಡಿದು ಒಳಗೆ ಎಳೆದೊಯ್ದು ಎರಡು ಮಗ್ಗಗಳ ನಡುವೆ ನಿಲ್ಲಿಸಿದಳು. "ಇಲ್ಲಿ ನಿಂತ ಹೇಳು. ನನಗ ತಿಳದ್ರ ಅವರಿಗೂ ತಿಳೀತೈತಿ" ಎಂದು ತುಟಿಯಾಡಿಸಿದಳು. ನಾನು ಹೇಳಿದೆ. ಅವಳು ಲಾಳಿಯ ಮೇಲೊಂದು ಕಣ್ಣು, ನನ್ನ ಬಾಯಿಯ ಮೇಲೊಂದು ಕಣ್ಣು ಇಟ್ಟು ಪೂರ್ತಿ ನೋಡಿದಳು. ಮುಗಿದ ಮೇಲೆ ಅಂದಳು: "ಎಲ್ಲಾ ತಿಳೀತು. ಖರೇ ಅನಸ್ಲಿಲ್ಲ. ಮತ್ತ ಹೇಳು."

ಅಂದಿನಿಂದ ನನಗೆ ಅವಳಿಟ್ಟ ಹೆಸರು ವಕೀಲವ್ವ. ಈಗ ನಾನು ನಿಜವಾಗಿಯೂ ಕಾನೂನು ಓದುತ್ತಿದ್ದೇನೆ. ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಸಾಬೀತು ಮಾಡಲು ನನ್ನಿಂದಾಗದು. ಇಲ್ಲವೆಂದು ಸಾಬೀತು ಮಾಡುವುದು ಇನ್ನೂ ಕಷ್ಟ.

ಯಾವುದನ್ನೂ ಹಾಗೇ ನಂಬುವವಳಲ್ಲ ನಾನು. ಒಮ್ಮೆ ಪರೀಕ್ಷೆ ಮಾಡಿದೆ. ಟಿವಿಯ ದನಿ ಪೂರ್ತಿ ಬಂದ್ ಮಾಡಿ, ವಾರ್ತೆ ಓದುವವಳ ಬಾಯಿ ನೋಡಿ ಹೇಳು ಎಂದೆ. ಡ್ಯಾಮಿನಿಂದ ನೀರು ಬಿಟ್ಟ ಸುದ್ದಿಗೆ ಕಾಕು, ಯಾರದೋ ಮದುವೆ ನಿಶ್ಚಯವಾಗಿದೆ ಎಂದಳು. ನಾನು ಬಿದ್ದು ಬಿದ್ದು ನಕ್ಕೆ.

"ಅವು ಬೆಂಗಳೂರು ತುಟಿ. ತೆರ್ಯಾಕs ನಾಚಗೊಂತಾವ. ನಮ್ಮ ಓಣಿಯವರದು ಕೇಳು, ಹೇಳ್ತೇನಿ."

"ಹಂಗಾರ ನಿನ್ನ ವಿದ್ಯಾ ಅರ್ಧಾ ಸುಳ್ಳು, ಕಾಕು."

"ಅರ್ಧಾ ಖರೆ ಅನ್ನಾಕ ನಿನ್ನ ಗಂಟೇನ ಹೋಕ್ಕೈತಿ?"

ಅವಳ ಮಗಳು ನನಗಿಂತ ಎರಡು ವರ್ಷ ದೊಡ್ಡವಳು, ನನ್ನ ಗೆಳತಿ. ಬಲಗೈ ವೇಗದ ಬೌಲರ್. ಓಣಿಯ ಹುಡುಗರ ಜೊತೆ ಆಡುತ್ತಾಡುತ್ತ ಜಮಖಂಡಿಯ ಒಬ್ಬ ಕೋಚ್ ಕಣ್ಣಿಗೆ ಬಿದ್ದಳು. ದಿನವೂ ಬಸ್ಸಿನಲ್ಲಿ ಹೋಗಿ ಬಂದು ಕಲಿತಳು. ಮೊದಲು ಜಿಲ್ಲೆಗೆ, ಆಮೇಲೆ ರಾಜ್ಯಕ್ಕೆ ಆಡಿದಳು. ಅವಳ ಗಂಡ, ನಮ್ಮ ಕಾಕಾ, ತೀರಿಹೋಗಿ ಬಹಳ ವರ್ಷವಾಗಿತ್ತು, ಮಗ್ಗಗಳನ್ನು ಕಾಕು ಒಬ್ಬಳೇ ನಡೆಸುತ್ತಿದ್ದಳು. ಬೆಳೆದ ಮಗಳನ್ನು ಮಗ್ಗಕ್ಕೆ ನಿಲ್ಲಿಸದೆ ಆಟಕ್ಕೆ ಬಿಟ್ಟಿದ್ದಾಳೆ ಎಂದು ಓಣಿ ಆಡಿಕೊಳ್ಳುತ್ತಿತ್ತು. "ಆಟೇನು ಹೊಟ್ಟಿ ತುಂಬಸ್ತೈತೇನs ಯವ್ವಾ?" ಎಂದು ಕೇಳಿದವರಿಗೆ ಕಾಕು ಹೇಳುತ್ತಿದ್ದದ್ದು ಒಂದೇ ಮಾತು: "ಮಗ್ಗ ತುಂಬಸ್ತೈತಿ ಅಂತ ನಿನಗ ಯಾರ ಹೇಳಿದ್ರು?"

ಆಮೇಲೆ ಬಂತು ಹೆಂಗಸರ ಕ್ರಿಕೆಟ್ ಲೀಗು. ದೂರದ ದೊಡ್ಡ ಊರಿನ ತಂಡವೊಂದು ಅವಳನ್ನು ಹರಾಜಿನಲ್ಲಿ ತೆಗೆದುಕೊಂಡಿತು. ಹರಾಜು ಎಂಬ ಮಾತು ಕೇಳಿ ಓಣಿಯ ಆಯಿಯೊಬ್ಬಳು ಗಾಬರಿಯಾದಳು. "ಮುಧೋಳ ಸಂತ್ಯಾಗ ದನಾ ಮಾರಿದಂಗ ಮಾರಿದ್ರೇನs ಹುಡುಗೀನ?" ಅದು ಹಾಗಲ್ಲ ಎಂದು ವಿವರಿಸಲು ಹೋದಾಗ, ಅದು ಹೆಚ್ಚುಕಡಿಮೆ ಹಾಗೆಯೇ ಎಂದು ನನಗೇ ಹೊಳೆಯಿತು. ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಎದ್ದಿತು. ಅದರಲ್ಲಿ ಅವಳ ಫೋಟೋ ಸಣ್ಣದು, ಶುಭ ಕೋರಿದ ಮುಖಂಡರ ಫೋಟೋ ದೊಡ್ಡದು.

ಪಂದ್ಯಗಳನ್ನು ನಮ್ಮ ಮನೆಯ ಟಿವಿಯಲ್ಲಿ ನೋಡುತ್ತಿದ್ದೆವು. ಮೊದಮೊದಲು ಅವಳು ಆಡಲೇ ಇಲ್ಲ. ಹಸಿರು ಜೆರ್ಸಿಯ ಮೇಲೆ ತೋಳಿಲ್ಲದ ಇನ್ನೊಂದು ಅಂಗಿ ಹಾಕಿಕೊಂಡು, ನೀರಿನ ಬಾಟ್ಲಿ ಹಿಡಿದು ಮೈದಾನದೊಳಗೆ ಓಡಿಹೋಗಿ ಓಡಿಬರುತ್ತಿದ್ದಳು. ತಂಡ ಸೋಲುತ್ತಿತ್ತು.

"ಏನs ಕಾಕು, ಮಗಳು ನೀರ ಕೊಡಾಕ ಅಷ್ಟ ದೂರ ಹೋಗ್ಯಾಳಲ್ಲ?" ಎಂದ ಚಹಾದಂಗಡಿಯವನು.

"ಹೂಂನಪಾ. ನಿನ್ನ ಮಗಳು ಮನ್ಯಾಗ ಕುಂತು ನಿನಗ ಒಂದ ತಂಬಿಗಿ ಕೊಡ್ತಾಳೇನು, ಕೇಳ್ಕೊಂಡ ಬಾ" ಎಂದಳು ಕಾಕು.

ಕಡೆಗೊಂದು ದಿನ, ಇನ್ನೊಬ್ಬ ಬೌಲರ್‌ಗೆ ಜ್ವರ ಬಂದು ಇವಳಿಗೆ ಚೆಂಡು ಸಿಕ್ಕಿತು. ಕೊನೆಯ ಓವರನ್ನು ಕೊಟ್ಟರು. ಅಷ್ಟು ಸೋತ ತಂಡಕ್ಕೆ ಬೇರೆ ದಾರಿ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಅವಳು ಗೆಲ್ಲಿಸಿದಳು. ಓಣಿಯಲ್ಲಿ ಪಟಾಕಿ ಹಾರಿತು. ಚೆಂಡು, ಬ್ಯಾಟು, ವಿಕೆಟ್ಟು ಯಾವುದನ್ನೂ ನೋಡದೆ ಕಾಕು ಮಗಳ ಬಾಯಿ ನೋಡುತ್ತ ಕೂತಿದ್ದಳು. ವಿಕೆಟ್ ಬಿದ್ದಾಗ ಕ್ಯಾಮೆರಾ ಹತ್ತಿರ ಹೋಯಿತು. ಮಗಳು ಏನೋ ಅಂದಳು. ಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಏನಂದ್ಲು ಕಾಕು?"

"ಅದನ್ನ ನಾ ಹೇಳಂಗಿಲ್ಲ. ಅವರಪ್ಪನ ಮಾತು ಅದು" ಎಂದು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಕಾಕು ಅಷ್ಟು ನಕ್ಕಿದ್ದನ್ನು ನಾನು ಮತ್ತೆ ನೋಡಲಿಲ್ಲ.

ತಂಡ ಗೆಲ್ಲತೊಡಗಿತು, ಅವಳ ಜಾಗ ಗಟ್ಟಿಯಾಯಿತು. ಒಂದು ಪಂದ್ಯದಲ್ಲಿ ಬೌಂಡರಿಯ ಹಗ್ಗದ ಹತ್ತಿರ ಚೆಂಡು ತಡೆಯಲು ಹಾರಿ, ಬಲಭುಜದ ಮೇಲೆ ಬಿದ್ದಳು. ಎದ್ದಳು, ಧೂಳು ಝಾಡಿಸಿಕೊಂಡಳು, ನಕ್ಕಳು. ಟಿವಿಯಲ್ಲಿ ಮಾತಾಡುವವರು ಅವಳ ಧೈರ್ಯವನ್ನು ಹೊಗಳಿದರು. ಮುಂದಿನ ಪಂದ್ಯದಲ್ಲೂ ಬೌಲ್ ಮಾಡಿದಳು. ಆ ಸಂಜೆ ಓವರಿನ ನಡುವೆ ಕಾಕು ಎದ್ದು ಟಿವಿಯ ಹತ್ತಿರ ಹೋಗಿ ಕೂತಳು.

"ನಮ್ಮಾಕಿ ಭುಜಾ ಹೋಗೇತಿ."

"ಏನಂದ್ಲು?"

"ಇದೊಂದ ಚೆಂಡ, ಇದೊಂದ ಚೆಂಡ ಅಂತಾಳ. ಪ್ರತಿ ಚೆಂಡಿಗೂ ಅದನ್ನs ಅಂತಾಳ."

"ಬೌಲರ್ ಎಲ್ಲಾರೂ ತಮ್ಮಷ್ಟಕ್ಕ ತಾವು ಏನರೇ ಅಂತಿರ್ತಾರ, ಕಾಕು."

"ಅನ್ನಲಿ. ಇಕಿ ಬೇಡ್ಕೊಳ್ಳಾಕತ್ತಾಳ."

ಮರುದಿನ ಮುಂಜಾನೆ ವಿಡಿಯೋ ಕಾಲ್ ಮಾಡಿಸಿದಳು. ಮಗಳು ಎಡಗೈಯಲ್ಲಿ ಫೋನ್ ಹಿಡಿದು ಹಾಸಿಗೆಯ ಮೇಲೆ ಕೂತಿದ್ದಳು. ಅದೂ ಇದೂ ಮಾತಾಯಿತು. ಊಟ ಹೇಗಿದೆ, ರೊಟ್ಟಿ ಸಿಗುತ್ತದೆಯಾ ಎಂದೆಲ್ಲ ಕೇಳಿದ ಮೇಲೆ ಕಾಕು ಅಂದಳು: "ಬಲಗೈ ಮ್ಯಾಲ ಎತ್ತು, ನೋಡೂನು."

"ಯಾಕs ಬೇ ಯವ್ವಾ?"

"ಎತ್ತು ಅಂದೆ."

"ಟೀಮ್ ಮೀಟಿಂಗ್ ಐತಿ, ಇಡ್ತೇನಿ." ಫೋನ್ ಕಟ್ಟಾಯಿತು.

ಲೀಗಿನಲ್ಲಿ ಇನ್ನೆರಡು ಪಂದ್ಯ ಉಳಿದಿದ್ದವು. ಒಂದನ್ನು ಗೆದ್ದರೂ ತಂಡ ಮುಂದಿನ ಸುತ್ತಿಗೆ ಹೋಗುತ್ತಿತ್ತು. ಅಲ್ಲಿ ಆಡಿದವರನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುತ್ತಾರೆ, ಆಡದವರನ್ನು ಬಿಡುತ್ತಾರೆ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಕಾಕುಗೂ ಗೊತ್ತಿತ್ತು. ಮಗಳನ್ನು ಕರೆದೊಯ್ಯುವಾಗ ತಂಡದ ಮ್ಯಾನೇಜರ್ ಮೇಡಂ, ಮನೆಯಲ್ಲಿ ಏನಾದರೂ ಆದರೆ ತಿಳಿಸಿ ಎಂದು ತಮ್ಮ ನಂಬರು ಕೊಟ್ಟಿದ್ದರು. ಆ ನಂಬರಿಗೆ ಫೋನ್ ಹಚ್ಚು ಎಂದಳು ಕಾಕು.

ನಾನು ಹಚ್ಚಲಿಲ್ಲ, ವಾದಕ್ಕೆ ನಿಂತೆ. ಆಗ ಮಾಡಿದ ವಾದ ಈಗಲೂ ನನಗೆ ಸರಿಯಾಗಿಯೇ ಕಾಣುತ್ತದೆ.

"ಮೊದಲನೇದು, ನೀ ಬರೇ ತುಟಿ ನೋಡಿ ಹೇಳಾಕತ್ತಿ. ಡ್ಯಾಮಿನ ನೀರಿಗೆ ಮದುವಿ ಅಂದಾಕಿ ನೀ."

"ಹೌದು, ಅಂದೇನಿ."

"ಎರಡನೇದು, ಆಕಿ ಸಣ್ಣ ಕೂಸಲ್ಲ. ಕೈ ಆಕಿದು, ಆಟ ಆಕಿದು. ಹೇಳೂದು ಬಿಡೂದು ಆಕಿಗೆ ಬಿಟ್ಟದ್ದು."

"ಖರೆ."

"ಮೂರನೇದು, ನೀ ಅಂದದ್ದು ಸುಳ್ಳಾತು ಅಂದ್ರ, ಆಕಿ ಜಾಗಾ ಹೋಗಿರ್ತೈತಿ. ಹೋದದ್ದು ತಿರುಗಿ ಬರಂಗಿಲ್ಲ."

"ಬರಂಗಿಲ್ಲ."

"ಮತ್ತ?"

"ಎಲ್ಲಾ ನೀ ಅಂದಂಗs ಐತಿ, ವಕೀಲವ್ವಾ. ನೀ ಗೆದ್ದಿ. ಈಗ ಫೋನ್ ಹಚ್ಚು."

ಇಂಥ ಎದುರಾಳಿಯನ್ನು ನಾನು ಯಾವ ವೇದಿಕೆಯಲ್ಲೂ ಕಂಡಿರಲಿಲ್ಲ. ಎಲ್ಲವನ್ನೂ ಒಪ್ಪಿಕೊಂಡು, ಒಂದಿಂಚೂ ಕದಲದೆ ಕೂತಿದ್ದಳು. ಆಮೇಲೆ ತಾನೇ ಹೇಳಿದಳು: "ಮಗ್ಗದಾಗ ಒಂದು ಎಳಿ ಹರದ್ರ ನಿಂದರಸ್ತೇವಿ. ಇರ್ಲಿ ಬಿಡು ಅಂತ ನಡಸ್ಕೋತ ಹೋದ್ರ ಬಾಜೂದ್ದೂ ಹರೀತೈತಿ, ಅರಿವೀನ ಕೆಡ್ತೈತಿ. ನಿಂದರ್ಸಿದಾಕಿ ಮ್ಯಾಲ ಮಗ್ಗ ಸಿಟ್ಟಾಕ್ಕೈತೇನು?"

"ಮಗ್ಗ ಆಗಂಗಿಲ್ಲ, ಕಾಕು. ಮಗಳು ಆಗ್ತಾಳ."

ಅವಳು ಸೆರಗಿನಿಂದ ಹುಬ್ಬು ಒರೆಸಿಕೊಂಡಳು.

"ಆಗ್ಲಿ."

ನಂಬರು ಹಚ್ಚಿದೆ. ಇಂಗ್ಲಿಷಿನಲ್ಲಿ ನಾನೇ ಹೇಳುತ್ತೇನೆ, ತಪ್ಪು ತಿಳಿಯಬಾರದು ಎಂದೆ. ಆ ಕಡೆ ರಿಂಗ್ ಆಗುತ್ತಿದ್ದಾಗಲೇ ಕಾಕು ನನ್ನ ಕೈಯಿಂದ ಫೋನ್ ತೆಗೆದುಕೊಂಡಳು.

"ಬ್ಯಾಡ. ಇದು ನನ್ನ ಬಾಯಿಂದನ ಹೋಗ್ಲಿ. ನಾಳೆ ಆಕಿ ನಿನ್ನ ಜೋಡಿ ಮಾತಾಡಬೇಕಲ್ಲ? ಒಬ್ರರೇ ಉಳೀಲಿ ಆಕಿಗೆ."

ಸೀರೆ ವ್ಯಾಪಾರಿಗಳ ಜೊತೆ ಮಾತಾಡಿ ಕಲಿತ ಹರಕುಮುರುಕು ಹಿಂದಿಯಲ್ಲಿ ಅವಳೇ ಹೇಳಿದಳು. ಮಗಳ ಭುಜ ನೋಡಿ, ಅವಳು ಹೇಳುವುದಿಲ್ಲ, ತಾಯಿ ಹೇಳುತ್ತಿದ್ದೇನೆ. ಇಷ್ಟೇ. ಎರಡು ಸಲ ಹೇಳಿದಳು. ಫೋನ್ ನನಗೆ ಕೊಟ್ಟು, ಹೋಗಿ ಮಗ್ಗ ಚಾಲೂ ಮಾಡಿದಳು.

ಅವತ್ತೇ ಸ್ಕ್ಯಾನ್ ಮಾಡಿಸಿದರು. ಭುಜದೊಳಗೆ ಸ್ನಾಯು ಹರಿದಿತ್ತು. ಅವಳನ್ನು ತಂಡದಿಂದ ಕೈಬಿಟ್ಟರು, ಬದಲಿಗೆ ಇನ್ನೊಬ್ಬ ಹುಡುಗಿ ಬಂದಳು. ತಂಡ ಒಂದು ಪಂದ್ಯ ಗೆದ್ದು ಮುಂದಿನ ಸುತ್ತಿಗೆ ಹೋಗಿ, ಅಲ್ಲಿ ಸೋತಿತು. ಬದಲಿಗೆ ಬಂದವಳು ಚೆನ್ನಾಗಿ ಆಡಿದಳು. ಮುಂದಿನ ವರ್ಷಕ್ಕೆ ಉಳಿಸಿಕೊಂಡದ್ದು ಅವಳನ್ನೇ. ನಮ್ಮವಳ ಹೆಸರನ್ನು ಮತ್ತೆ ಲೀಗಿನ ಯಾವ ತಂಡವೂ ಎತ್ತಲಿಲ್ಲ.

ಕಾಕು ಅಂದದ್ದು ನಿಜವಾಯಿತಲ್ಲ ಎಂದು ಓದುವವರು ಹೇಳಬಹುದು. ಅಲ್ಲೇ ನನ್ನ ತಕರಾರಿದೆ. ಒಬ್ಬ ಡಾಕ್ಟರು, ಇನ್ನೊಂದು ಪಂದ್ಯ ಆಡಿದ್ದರೆ ಆ ಕೈಯಿಂದ ಚೆಂಡು ಎಸೆಯುವುದೇ ಮುಗಿಯುತ್ತಿತ್ತು ಎಂದರು. ಇನ್ನೊಬ್ಬರು, ಇಂಥ ಹರಿದ ಭುಜ ಇಟ್ಟುಕೊಂಡೇ ಎಷ್ಟೋ ಜನ ಆಡುತ್ತಾರೆ, ಇಂಜೆಕ್ಷನ್ ಮಾಡಿಸಿ ಸೀಸನ್ ಮುಗಿಸಬಹುದಿತ್ತು ಎಂದರು. ಇಬ್ಬರೂ ದೊಡ್ಡ ಡಾಕ್ಟರೇ. ಆಡದೆ ಉಳಿದ ಪಂದ್ಯಕ್ಕೆ ಸಾಕ್ಷಿ ಎಲ್ಲಿಂದ ತರುವುದು?

ಓಣಿಗೆ ಸಾಕ್ಷಿ ಬೇಕಿರಲಿಲ್ಲ. ಫ್ಲೆಕ್ಸ್ ಇಳಿಯಿತು. ಚಹಾದಂಗಡಿಯಲ್ಲಿ ಮಾತು ಹುಟ್ಟಿತು: "ಮಂದಿ ವಿಕೆಟ್ ಮಗಳು ತಗದ್ಲು, ಮಗಳ ವಿಕೆಟ್ ಅವ್ವ ತಗದ್ಲು." ಕಾಕುವಿನ ಎದುರಿಗೇ ಒಬ್ಬ ಅಂದ. ಬಾಯಿಗೆ ಬಾಯಿ ಕೊಡುವವಳು, ಅಂದು ಚಹಾ ಕುಡಿದು, ಲೋಟ ತೊಳೆದಿಟ್ಟು ಎದ್ದು ಬಂದಳು.

ಮಗಳು ಕೈಯನ್ನು ಕೊರಳಿಗೆ ಕಟ್ಟಿಕೊಂಡು ಮನೆಗೆ ಬಂದಳು. ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಅವ್ವನಿಗೆ ಬಡಿಸುತ್ತಿದ್ದಳು, ನೀರು ತುಂಬುತ್ತಿದ್ದಳು, ಎಡಗೈಯಿಂದಲೇ ಅಂಗಳ ಗುಡಿಸುತ್ತಿದ್ದಳು. ಮುಖ ಮಾತ್ರ ಕೊಡುತ್ತಿರಲಿಲ್ಲ. ಬೇರೆ ಮನೆಯಾಗಿದ್ದರೆ ಬೆನ್ನು ಹಾಕಿ ನಿಂತವರಿಗೂ ನಾಲ್ಕು ಮಾತು ಕೇಳಿಸುತ್ತವೆ. ಮಗ್ಗದ ಮನೆಯಲ್ಲಿ ಬೆನ್ನು ಹಾಕಿದರೆ ಮುಗಿಯಿತು. ಕಾಕು ಮಗ್ಗಗಳ ಆ ಬದಿಯಿಂದ ತುಟಿಯಾಡಿಸುತ್ತಿದ್ದಳು. ಮಗಳು ಗೋಡೆ ನೋಡುತ್ತಿದ್ದಳು. ಎಷ್ಟೋ ಸಲ ನಾನು ಬಾಗಿಲಲ್ಲಿ ನಿಂತಿರುತ್ತಿದ್ದೆ. ಅವಳಿಗೆ ಹೋಗಬೇಕಾದ ಮಾತು ನನ್ನ ಕಣ್ಣಿಗೆ ಬೀಳುತ್ತಿತ್ತು. "ಉಂಡಿಯೇನು?" "ಎಣ್ಣಿ ಹಚ್ಚಲೇನು?" ಇಂಥವೇ. ಕ್ಷಮಿಸು ಎಂದು ಕಾಕು ಒಮ್ಮೆಯೂ ಅನ್ನಲಿಲ್ಲ. ನಾನು ನೋಡಿದ ಮಟ್ಟಿಗೆ ಇಲ್ಲ.

ಮಗಳು ನನ್ನ ಜೊತೆ ಮಾತಾಡಿದಳು. ಕಾಕು ಬಯಸಿದ್ದ ಹಾಗೆಯೇ ಆಯಿತು. ಎಲ್ಲ ಹೇಳಿಕೊಂಡಳು, ಅತ್ತಳು, ಅವ್ವನನ್ನು ಬೈದಳು. ನಂಬರು ಹಚ್ಚಿಕೊಟ್ಟವಳು ನಾನೇ ಎಂದು ಮೊದಲ ದಿನವೇ ಅವಳಿಗೆ ಹೇಳಿಬಿಟ್ಟೆ. "ಗೊತ್ತೈತಿ. ಮಾತಾಡಿದಾಕಿ ಅಕಿ" ಎಂದಷ್ಟೇ ಅಂದಳು.

ಮಳೆಗಾಲ ಕಳೆದ ಮೇಲೆ ಕಾಕುವಿನ ಕೆಮ್ಮು ಹೆಚ್ಚಾಯಿತು. ಹುಬ್ಬಿನ ಮೇಲೆ ಕೂರುತ್ತಿದ್ದದ್ದು ಎದೆಯೊಳಗೂ ಕೂತಿತ್ತು ಎಂದು ಕಾಣುತ್ತದೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಜಮಖಂಡಿಯ ಆಸ್ಪತ್ರೆಗೆ ಸೇರಿಸಿದೆವು. ಮುಖದ ಮೇಲೆ ಆಕ್ಸಿಜನ್ ಮಾಸ್ಕ್ ಕೂತಿತು. ಮಾಸ್ಕಿನೊಳಗೆ ತುಟಿ ಅಲುಗುವುದು ಮಂಜಿನ ಹಿಂದೆ ಕಾಣುವ ಹಾಗೆ ಕಾಣುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಕಾಕು ಏನೋ ಹೇಳುತ್ತಲೇ ಇದ್ದಳು. ಮಗಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದವಳು ತಿರುಗಿದಳು. ಸ್ವಲ್ಪ ಹೊತ್ತು ನೋಡಿದಳು. ಮಂಚದ ಮೇಲೆ ಬಾಗಿ ಮಾಸ್ಕ್ ತುಸು ಎತ್ತಿದಳು.

ನನಗೂ ಕಂಡಿತು. ಕೈ ಎತ್ತು, ನೋಡೂನು.

ಮಗಳು ಮಾಸ್ಕ್ ಮತ್ತೆ ಇಟ್ಟಳು. ನೆಟ್ಟಗೆ ನಿಂತು ಬಲಗೈ ಎತ್ತಿದಳು. ಭುಜದ ಮಟ್ಟದವರೆಗೆ ಸಲೀಸಾಗಿ ಬಂತು. ಅಲ್ಲಿಂದ ಮೇಲೆ ನಿಧಾನ. ತೋಳು ಕಿವಿಗೆ ತಾಗುವವರೆಗೂ ಎತ್ತಿ ಹಿಡಿದಳು. ವಾರ್ಡಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಮಗಳು ತುಟಿ ಬಿಗಿಹಿಡಿದಿದ್ದಳು. ನೋವಿತ್ತೋ ಅಳು ತಡೆದಿದ್ದಳೋ, ನನಗೆ ತಿಳಿಯಲಿಲ್ಲ. ಕಾಕುಗೆ ತಿಳಿದಿರಬೇಕು. ನರ್ಸ್ ಬಂದು, "ಮಾಸ್ಕ್ ಯಾರ ತಗದ್ರಿ? ಶಾಣ್ಯಾರಾಗಿ ಹಿಂಗ ಮಾಡಿದ್ರ ಹೆಂಗ್ರಿ?" ಎಂದು ಗದರಿದಳು.

ಎರಡು ದಿನಕ್ಕೆ ಕಾಕು ಹೋದಳು. ಬನಹಟ್ಟಿಗೆ ತಂದು ಕಾಕಾನ ಪಕ್ಕದಲ್ಲೇ ಮಣ್ಣು ಮಾಡಿದೆವು.

ನಾನು ಈಗಲೂ ಸ್ಪರ್ಧೆಗಳಲ್ಲಿ ಮಾತಾಡುತ್ತೇನೆ. ಕೊನೆಯ ಸಾಲಿನಲ್ಲಿ ಕೂತವರಿಗೂ ನನ್ನ ಮಾತು ತಿಳಿಯುತ್ತದೆ ಎನ್ನುತ್ತಾರೆ. ಆ ಋಣ ಯಾರದು ಎಂದು ನನಗೆ ಗೊತ್ತು. ಆದರೆ ಎಲ್ಲ ವಾದಗಳನ್ನೂ ಒಪ್ಪಿಕೊಂಡ ಮೇಲೆ, ಸೋಲುವುದು ಗೊತ್ತಿದ್ದೂ ಮಾಡಬೇಕಾದ್ದನ್ನು ಮಾಡುವುದಿದೆಯಲ್ಲ, ಅದನ್ನು ಅವಳಿಂದ ಕಲಿತೆ ಎನ್ನುವ ಧೈರ್ಯ ನನಗಿಲ್ಲ. ನೋಡಿದ್ದೇನೆ, ಅಷ್ಟೆ.

ಕಾಕುವಿನ ದಿನಕರ್ಮ ಮುಗಿದ ಮೇಲೆ ಮಗಳು ರಾಜ್ಯ ತಂಡದ ಆಯ್ಕೆಗೆಂದು ಹೊರಟಳು. ಬಸ್ ಸ್ಟ್ಯಾಂಡಿಗೆ ಕಳಿಸಲು ಹೋಗಿದ್ದೆ. ಕಟ್ಟೆಯ ಮೇಲೆ ಕೂತಿದ್ದಾಗ ಕೇಳಿದಳು: "ನೀ ಅಷ್ಟ ವಾದಾ ಮಾಡ್ತಿಯಲ್ಲ, ಹೇಳು. ಅವ್ವ ಮಾಡಿದ್ದು ಬರೋಬ್ಬರಿ ಇತ್ತೋ, ತಪ್ಪಿತ್ತೋ?"

ಎರಡೂ ಕಡೆಯ ವಾದ ನನ್ನ ಬಳಿ ಸಿದ್ಧವಿತ್ತು.

"ಗೊತ್ತಿಲ್ಲಾs."

"ನನಗೂ ಗೊತ್ತಿಲ್ಲ. ಅಕಿಗೊಬ್ಬಾಕಿಗೆ ಗೊತ್ತಿತ್ತು. ಅದs ಸಿಟ್ಟು ನನಗ."

ಬಸ್ ಬಂತು. ಅವಳು ಕಿಟ್ ಬ್ಯಾಗಿಗೆ ಬಲಗೈ ಹಾಕಿದಳು. ಒಂದು ಗಳಿಗೆ ತಡೆದು, ಎಡಗೈಯಿಂದ ಎತ್ತಿ ಎಡಭುಜಕ್ಕೆ ಏರಿಸಿಕೊಂಡು ಬಸ್ ಹತ್ತಿದಳು.